ಸಮ ಬರುವ ಮೊದಲೇ ತಲೆ ಬಾಗುವುದು ಹೇಗೆ?

ಪುಣೆಯ ಸವಾಯಿ ಗಂಧರ್ವ ಮಹೋತ್ಸವಕ್ಕೆ ಹೋದವರು ಒಂದೆರಡು ನಿಮಿಷವಾದರೂ ವೇದಿಕೆಯನ್ನು ಬಿಟ್ಟು ಸಭಿಕರನ್ನು ನೋಡಬೇಕು. ಕುಂದಗೋಳದ ಗುರು ಸವಾಯಿ ಗಂಧರ್ವರ ನೆನಪಿಗಾಗಿ ಗದುಗಿನ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಆರಂಭಿಸಿದ ಉತ್ಸವವಿದು. ಹಾಗಾಗಿ ಪುಣೆಯ ಕನ್ನಡಿಗರು ಅಲ್ಲಿ ತುಸು ಹಕ್ಕಿನಿಂದಲೇ ಕೂರುತ್ತಾರೆ. ಗಾಯಕರು ಸ್ವರವಿಸ್ತಾರದ ಸುತ್ತುಗಳನ್ನೆಲ್ಲ ಮುಗಿಸಿ, ಬಂದಿಶಿನ, ಅಂದರೆ ಹಾಡುವ ರಚನೆಯ, ಮೊದಲ ಸಾಲನ್ನು ಕೈಗೆತ್ತಿಕೊಂಡು ಸಮಕ್ಕೆ, ಅಂದರೆ ತಾಳದ ಸುತ್ತಿನ ಮೊದಲ ಪೆಟ್ಟಿಗೆ, ಬಂದು ಇಳಿಯುವಾಗ ಸಾವಿರಾರು ತಲೆಗಳು ಒಟ್ಟಿಗೆ ಬಾಗುತ್ತವೆ, ಕೈಗಳು ತೊಡೆಯ ಮೇಲೆ ಬೀಳುತ್ತವೆ. ಆ ತಲೆಗಳ ನಡುವೆ ಕೆಲವು ಮಾತ್ರ ರೆಪ್ಪೆ ಬಡಿಯುವಷ್ಟು ತಡವಾಗಿ ಬಾಗುತ್ತವೆ. ಸಮವನ್ನು ಕೇಳಿಸಿಕೊಂಡ ಮೇಲೆ ತಲೆದೂಗಿದವರು ಇವರು. ಉಳಿದವರು ಅದು ಬರುತ್ತಿರುವುದನ್ನು ಬಲ್ಲವರು. ಇವರಿಬ್ಬರ ನಡುವಿನ ಆ ಚಿಕ್ಕ ಅಂತರ ಹೇಗೆ ಹುಟ್ಟುತ್ತದೆ, ಅದನ್ನು ದಾಟುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ.

ಶಬ್ದ ಕೇಳಿದ ಕೂಡಲೇ ಕೈ ಆಡಿಸಬೇಕೆಂದರೂ ಮನುಷ್ಯನಿಗೆ ಸೆಕೆಂಡಿನ ಹತ್ತರಲ್ಲಿ ಒಂದೂವರೆ ಭಾಗದಷ್ಟು ಸಮಯ ಬೇಕು. ತಾಳದ ಒಂದೊಂದು ಎಣಿಕೆಯೂ ಒಂದು ಮಾತ್ರೆ. ತೀನತಾಲವೆಂದರೆ 16 ಮಾತ್ರೆಯ ತಾಳ. ನಿಮಿಷಕ್ಕೆ 240 ಮಾತ್ರೆಗಳ ದ್ರುತ, ಅಂದರೆ ವೇಗದ, ತೀನತಾಲದಲ್ಲಿ ಒಂದು ಮಾತ್ರೆಗೆ ಸಿಗುವುದು ಕಾಲು ಸೆಕೆಂಡು ಮಾತ್ರ. ಕೇಳಿ, ತಿಳಿದು, ಆಮೇಲೆ ತಲೆ ಬಾಗಿಸಿದರೆ ಅರ್ಧ ಮಾತ್ರೆಗಿಂತ ಹೆಚ್ಚು ಹಿಂದೆ ಬಿದ್ದಂತೆಯೇ. ಎಂದರೆ, ತಾಳಕ್ಕೆ ಸರಿಯಾಗಿ ತಟ್ಟುವ ಯಾರೂ ತಾಳವನ್ನು ಕೇಳಿ ತಟ್ಟುತ್ತಿಲ್ಲ. ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಊಹಿಸಿ ತಟ್ಟುತ್ತಿದ್ದಾರೆ. ಪ್ರಯೋಗಶಾಲೆಯಲ್ಲಿ ಮೆಟ್ರೊನೋಮಿನ, ಅಂದರೆ ಸಮಾನ ಅಂತರದಲ್ಲಿ ಸದ್ದು ಮಾಡುವ ಯಂತ್ರದ, ಜೊತೆ ಬೆರಳು ತಟ್ಟಲು ಹೇಳಿದಾಗ ಹೆಚ್ಚಿನವರ ಬೆರಳು ಆ ಸದ್ದಿಗಿಂತ ಕೂದಲೆಳೆಯಷ್ಟು ಮುಂಚೆಯೇ ಬೀಳುತ್ತದೆ. ತಾವು ಸರಿಯಾಗಿ ಅದರ ಜೊತೆಗೇ ತಟ್ಟಿದೆವೆಂದು ಅವರಿಗೆ ಅನಿಸುತ್ತಿರುತ್ತದೆ. ಸಂಗೀತ ಕಲಿಯದವರಲ್ಲಿ ಈ ಆತುರ ಇನ್ನೂ ಹೆಚ್ಚು.

ಗಣೇಶೋತ್ಸವದ ಮುಂಚಿನ ವಾರಗಳಲ್ಲಿ ಮುಠಾ ನದಿಯ ದಂಡೆಯಲ್ಲಿ ಅಭ್ಯಾಸ ಮಾಡುವ ಢೋಲ್-ತಾಶಾ ಪಥಕಗಳಿಗೆ, ಅಂದರೆ ಆ ಚರ್ಮವಾದ್ಯಗಳ ತಂಡಗಳಿಗೆ, ಇದು ಚೆನ್ನಾಗಿ ಗೊತ್ತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮುಂದಿನ ಸಾಲಿನ ತಾಶಾದಿಂದ 34 ಮೀಟರ್ ಹಿಂದೆ ನಿಂತವನಿಗೆ ಪೆಟ್ಟು ಕೇಳಿಸುವುದೇ ಹತ್ತನೇ ಒಂದು ಸೆಕೆಂಡು ತಡವಾಗಿ. ಅವನು ಕಿವಿಯನ್ನು ಮಾತ್ರ ನಂಬಿದರೆ ಇಡೀ ಹಿಂದಿನ ಸಾಲು ಎಳೆದಾಡುತ್ತದೆ. ಮುಂದಿನವರ ಕೈ ಏಳುವುದನ್ನು ಕಣ್ಣಿನಿಂದ ನೋಡಬೇಕು, ಆವರ್ತ, ಅಂದರೆ ತಾಳದ ಪೂರ್ತಿ ಸುತ್ತು, ತನ್ನೊಳಗೇ ಓಡುತ್ತಿರಬೇಕು. ಸುತ್ತಲಿನ ಮನೆಗಳಲ್ಲಿ ಕಿಟಕಿ ಮುಚ್ಚಿಕೊಂಡು ಶಪಿಸುವವರಿಗೆ ಈ ಸೂಕ್ಷ್ಮ ಕಾಣುವುದಿಲ್ಲ. ಅವರನ್ನು ದೂರುವುದೂ ಕಷ್ಟ.

ಹಾಗಾದರೆ ಊಹಿಸುವುದು ಯಾವುದನ್ನು? ಸಮವೆಂದರೆ ಎಲ್ಲಕ್ಕಿಂತ ಜೋರಾದ ಪೆಟ್ಟು ಎಂದು ಹೊಸದಾಗಿ ಕೇಳುವವರು ತಿಳಿದಿರುತ್ತಾರೆ. ಅಲ್ಲಿಂದಲೇ ತೊಡಕು ಶುರು. ಏಳು ಮಾತ್ರೆಯ ರೂಪಕ ತಾಳದ ಬೋಲುಗಳನ್ನು, ಅಂದರೆ ತಬಲಾ ಪೆಟ್ಟುಗಳ ಹೆಸರುಗಳನ್ನು, ತೆಗೆದುಕೊಳ್ಳಿ: ತೀ ತೀ ನಾ, ಧೀ ನಾ, ಧೀ ನಾ. ಇಲ್ಲಿ ಸಮದ ಮೇಲೆಯೇ ಖಾಲಿ, ಅಂದರೆ ಚಪ್ಪಾಳೆಯ ಬದಲು ಅಂಗೈ ಬೀಸಿ ತೋರಿಸುವ ಮಾತ್ರೆ, ಕುಳಿತಿದೆ. ಡಗ್ಗಾದ, ಅಂದರೆ ತಬಲಾ ಜೋಡಿಯಲ್ಲಿ ಎಡಗೈ ಬಾರಿಸುವ ವಾದ್ಯದ, ಗುಂಯ್‌ಗುಡುವ ನಾದ ಕೇಳಿಸುವುದು ನಾಲ್ಕನೇ ಮಾತ್ರೆಗೆ. ಜೋರಾದದ್ದೇ ಮೊದಲನೆಯದು ಎಂದು ಹುಡುಕಿದವನು ರೂಪಕದಲ್ಲಿ ಕೊನೆಯವರೆಗೂ ತಪ್ಪು ಜಾಗದಲ್ಲಿಯೇ ತಲೆದೂಗುತ್ತಿರುತ್ತಾನೆ. ತೀನತಾಲದಲ್ಲಿಯೂ 1, 5ನೇ ಮಾತ್ರೆಗಳ 'ಧಾ' ನಾದದಲ್ಲಿ ಒಂದೇ. ತಬಲಾ ಬಾರಿಸುವವನು ಒಂದನೆಯದನ್ನು ಬೇಕೆಂದೇ ಒತ್ತಿ ಹೇಳದಿದ್ದರೆ ಬರಿಯ ಧ್ವನಿಯಿಂದ ಅವುಗಳನ್ನು ಬೇರ್ಪಡಿಸಲಾಗದು.

ಬೇರ್ಪಡಿಸುವ ಕೆಲಸದ ದೊಡ್ಡ ಪಾಲು ಕೇಳುಗನ ತಲೆಯೊಳಗೆ ನಡೆಯುತ್ತದೆ. ಗೋಡೆ ಗಡಿಯಾರದ ಪೆಟ್ಟುಗಳೆಲ್ಲ ಒಂದೇ ತೂಕದವಾಗಿದ್ದರೂ ನಮಗೆ 'ಟಿಕ್ ಟಾಕ್' ಎಂದು ಜೋಡಿಯಾಗಿ ಕೇಳಿಸುವುದು ಈ ಸ್ವಭಾವದಿಂದಲೇ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ಸ್ವರ, ಆಮೇಲೆ ಒಂದು ಮೌನ ಎಂಬ ಸರಳ ನಡೆಯನ್ನು ಮತ್ತೆ ಮತ್ತೆ ಕೇಳಿಸಿ, ಒಮ್ಮೆ ಮೊದಲ ಸ್ವರವನ್ನು ಪೆಟ್ಟೆಂದು, ಇನ್ನೊಮ್ಮೆ ಎರಡನೆಯದನ್ನು ಪೆಟ್ಟೆಂದು ಮನಸ್ಸಿನಲ್ಲಿಯೇ ಭಾವಿಸಲು ಹೇಳಲಾಯಿತು. ಕಿವಿಗೆ ಬಿದ್ದ ಶಬ್ದ ಎರಡು ಸಲವೂ ಅದೇ. ಆದರೆ ಯಾವುದನ್ನು ಪೆಟ್ಟೆಂದು ಭಾವಿಸಿದ್ದರೋ ಆ ಸ್ವರಕ್ಕೆ ಮಿದುಳು ಹೆಚ್ಚು ಬಲವಾಗಿ ಸ್ಪಂದಿಸಿತು. ಅದೇ ವರ್ಷದ ಇನ್ನೊಂದು ಅಧ್ಯಯನ ಹುಟ್ಟಿ ಎರಡು ಮೂರು ದಿನಗಳಾದ, ನಿದ್ರಿಸುತ್ತಿದ್ದ ಶಿಶುಗಳದ್ದು. ಡ್ರಮ್ಮಿನ ಒಂದು ನಡೆಯನ್ನು ಕೇಳಿಸುತ್ತ, ಆಗಾಗ ಮೊದಲ ಪೆಟ್ಟನ್ನು ಬಿಟ್ಟುಬಿಟ್ಟಾಗ ಆ ಶಿಶುಗಳ ಮಿದುಳಿನ ತರಂಗಗಳಲ್ಲಿ 'ಬರಬೇಕಾದ್ದು ಬರಲಿಲ್ಲ' ಎಂಬುದರ ಗುರುತು ಕಾಣಿಸಿತು. ಬೀಜ ಎಲ್ಲರಲ್ಲಿಯೂ ಇದೆ ಎಂಬಷ್ಟನ್ನು ಇದರಿಂದ ಹೇಳಬಹುದು. 16 ಮಾತ್ರೆಯ ಆವರ್ತವನ್ನು ಯಾರೂ ಹುಟ್ಟುತ್ತಲೇ ತರುವುದಿಲ್ಲ. ಅದನ್ನು ಬೆಳೆಸಿಕೊಳ್ಳಬೇಕು.

ಬೆಳೆಸಿಕೊಳ್ಳುವುದೆಂದರೆ ಒಂದರಿಂದ ಹದಿನಾರರವರೆಗೆ ಎಣಿಸುವುದು ಎಂದು ಬಹಳ ಜನ ನಂಬಿದ್ದಾರೆ. ಎಣಿಕೆಯನ್ನು ಕೆಲವು ವಾರಗಳ ಊರುಗೋಲೆಂದು ನಾನು ಒಪ್ಪುತ್ತೇನೆ, ಅದಕ್ಕಿಂತ ಹೆಚ್ಚಿನ ಗೌರವ ಅದಕ್ಕೆ ಬೇಡ. ಎಣಿಸುವವನು ಹಾಡು ಕೇಳುತ್ತಿರುವುದಿಲ್ಲ, ಅಂಕಿಗಳನ್ನು ಕೇಳುತ್ತಿರುತ್ತಾನೆ. ಒಂದು ಅಂಕಿ ಜಾರಿದರೆ ಇಡೀ ಆವರ್ತ ಕೈಬಿಡುತ್ತದೆ. ಮುಂಬೈಯ ಲೋಕಲ್ ರೈಲಿನಲ್ಲಿ ತೂಕಡಿಸುತ್ತ ಮನೆಗೆ ಹೋಗುವವರು ತಮ್ಮ ನಿಲ್ದಾಣ ಬರುವ ಮುನ್ನ ಎದ್ದು ಬಾಗಿಲ ಕಡೆ ಸರಿಯುತ್ತಾರಲ್ಲ, ಅವರು ನಿಲ್ದಾಣಗಳನ್ನು ಎಣಿಸಿರುವುದಿಲ್ಲ. ಸೇತುವೆಯ ಮೇಲೆ ಬದಲಾದ ಸದ್ದು, ಒಂದು ತಿರುವಿನ ವಾಲಾಟ, ಇವು ಅವರನ್ನು ಎಬ್ಬಿಸುತ್ತವೆ. ತಾಳದಲ್ಲಿಯೂ ಅಂಥ ಗುರುತುಗಳಿವೆ, ಅವು ಬಹಳ ಸ್ಪಷ್ಟವಾಗಿಯೇ ಇವೆ.

ತೀನತಾಲದ ಠೇಕಾ, ಅಂದರೆ ಆ ತಾಳವನ್ನು ತೋರಿಸುವ ತಬಲಾ ಬೋಲುಗಳ ಸಾಲು, ನೋಡಿ.

ಧಾ ಧಿಂ ಧಿಂ ಧಾ । ಧಾ ಧಿಂ ಧಿಂ ಧಾ । ಧಾ ತಿಂ ತಿಂ ತಾ । ತಾ ಧಿಂ ಧಿಂ ಧಾ

ಖಾಲಿ ಬರುವುದು 9ನೇ ಮಾತ್ರೆಗೆ ಎಂದು ಪುಸ್ತಕ ಹೇಳುತ್ತದೆ. ಆದರೆ ಸಾಮಾನ್ಯವಾಗಿ ಬಾರಿಸುವ ಈ ರೂಪದಲ್ಲಿ 9ನೆಯದು ಇನ್ನೂ 'ಧಾ'. ಡಗ್ಗಾ ಅಲ್ಲಿಯೂ ನುಡಿಯುತ್ತದೆ. ಅದು ನಿಜವಾಗಿ ಬಾಯಿ ಮುಚ್ಚುವುದು 10ಕ್ಕೆ. 10, 11, 12, 13, ಈ ನಾಲ್ಕು ಮಾತ್ರೆಗಳಲ್ಲಿ ಬಲಗೈಯ ಒಣ ನಾದ ಮಾತ್ರ. ಹದಿನಾಲ್ಕರ 'ಧಿಂ'ನಲ್ಲಿ ಡಗ್ಗಾದ ಮಂದ್ರ ನಾದ ಮರಳಿ ಬರುತ್ತದೆ. ಅಲ್ಲಿಂದ ಧಿಂ, ಧಿಂ, ಧಾ ಎಂಬ ಮೂರು ಮಾತ್ರೆ ಕಳೆದರೆ ಸಮ. ಸಮವನ್ನು ಹುಡುಕುವ ಕೇಳುಗನಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇರೆಯಿಲ್ಲ. ಒಂದು ಧ್ವನಿಮುದ್ರಿಕೆ ಹಾಕಿಕೊಂಡು, ಗಾಯಕರನ್ನು ಸ್ವಲ್ಪ ಹೊತ್ತು ಮರೆತು, ಡಗ್ಗಾ ಎಲ್ಲಿ ಮೌನವಾಯಿತು, ಎಲ್ಲಿ ಮರಳಿತು ಎಂಬುದಕ್ಕಷ್ಟೇ ಕಿವಿ ಕೊಡಿ. ಕೆಲವು ಆವರ್ತಗಳಾದ ಮೇಲೆ ಮಂದ್ರ ಮರಳಿದೊಡನೆ ಮೈ ತಾನಾಗಿ ಮುಂದಕ್ಕೆ ವಾಲುತ್ತದೆ. ಸಮ ಒಳಗೆ ಹುಟ್ಟಲಾರಂಭಿಸಿದ್ದರ ಮೊದಲ ಲಕ್ಷಣ ಅದು.

ಮುಂಬೈಯ ವಾಲ್ಕೇಶ್ವರದಲ್ಲಿ 1860ರಲ್ಲಿ ಹುಟ್ಟಿದ ವಿಷ್ಣು ನಾರಾಯಣ ಭಾತಖಂಡೆಯವರ ಸ್ವರಲಿಪಿಯಲ್ಲಿ ಸಮಕ್ಕೆ × ಗುರುತು, ಖಾಲಿಗೆ ಸೊನ್ನೆ. ಹೊಸಬರ ಕಣ್ಣು ಗುಣಾಕಾರದ ಗುರುತಿಗೇ ಅಂಟಿಕೊಂಡಿರುತ್ತದೆ. ದಾರಿ ತೋರಿಸುವುದು ಸೊನ್ನೆ.

ಎರಡನೆಯ ಗುರುತು ಹಾಡಿನೊಳಗೆ ಇದೆ. ಬಂದಿಶಿನ ಮುಖಡಾ ಎಂದರೆ ಗಾಯಕರು ಪ್ರತಿ ವಿಸ್ತಾರದ ಕೊನೆಗೂ ಮರಳಿ ಹಿಡಿಯುವ ಆ ತುಣುಕು. ಮಧ್ಯಲಯದ ತೀನತಾಲದಲ್ಲಿ ಅನೇಕ ಬಂದಿಶುಗಳ ಮುಖಡಾ ಖಾಲಿಯಿಂದ, ಅಂದರೆ 9ನೇ ಮಾತ್ರೆಯಿಂದ ಏಳುತ್ತದೆ. ಎಂಟು ಮಾತ್ರೆ ನಡೆದು ಅದರ ಒಂದು ನಿರ್ದಿಷ್ಟ ಅಕ್ಷರ ಸಮದ ಮೇಲೆ ಕೂರುತ್ತದೆ. ಆ ಅಕ್ಷರ ಯಾವುದೆಂದು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಗಾಯಕರು ತಾನಿನ, ಅಂದರೆ ವೇಗದ ಸ್ವರಸಂಚಾರದ, ಜಾಲದಲ್ಲಿ ಎಲ್ಲೆಲ್ಲೋ ಸುತ್ತುತ್ತಿರುವಾಗ ನೀವು ಮನಸ್ಸಿನಲ್ಲಿ ಮುಖಡಾವನ್ನು ಸರಿಯಾದ ಜಾಗದಿಂದ ಎತ್ತಿಕೊಂಡು ನೋಡಿ. ಅವರೂ ನೀವೂ ಒಂದೇ ಅಕ್ಷರದ ಮೇಲೆ ಬಂದು ಸೇರಿದರೆ, ಎಣಿಕೆಯನ್ನು ಬಿಡುವ ಕಾಲ ಬಂದಿದೆ.

ನಿಜವಾದ ಕಷ್ಟ ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ. ಕಿರಾಣಾ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ಗಾಯಕರು ಇಷ್ಟಪಡುವ ಅತಿ ವಿಲಂಬಿತ ಏಕತಾಲದಲ್ಲಿ 12 ಮಾತ್ರೆಗಳ ಒಂದು ಆವರ್ತ ಮುಗಿಯಲು ಹತ್ತಿರ ಹತ್ತಿರ ಒಂದು ನಿಮಿಷವಾಗಬಹುದು. ಒಂದು ಮಾತ್ರೆಗೆ ನಾಲ್ಕೈದು ಸೆಕೆಂಡು. ಎರಡು ಪೆಟ್ಟುಗಳ ನಡುವಿನ ಅಂತರ ಸುಮಾರು ಎರಡು ಸೆಕೆಂಡು ದಾಟಿದರೆ ಮನುಷ್ಯನಿಗೆ ಅದು ಲಯವೆಂದು ಅನಿಸುವುದೇ ಇಲ್ಲ, ಬಿಡಿಬಿಡಿ ಘಟನೆಗಳಂತೆ ತೋರುತ್ತದೆ. ಹಾಗಾಗಿ ಈ ನಿಧಾನ ಲಯದ ಬಡಾ ಖ್ಯಾಲ್ ಗಾಯನ ಕೇಳುತ್ತ 'ಇದರಲ್ಲಿ ತಾಳ ಎಲ್ಲಿದೆ?' ಎಂದು ಬೇಸರಿಸುವವರ ಕಿವಿಯಲ್ಲಿ ದೋಷವಿಲ್ಲ. ಮಾತ್ರೆಯನ್ನು ಇಡಿಯಾಗಿ ಹಿಡಿಯಲು ಯಾರಿಂದಲೂ ಆಗುವುದಿಲ್ಲ. ಬಲ್ಲವರು ಒಂದೊಂದು ಮಾತ್ರೆಯನ್ನೂ ಒಳಗೊಳಗೇ ನಾಲ್ಕಾಗಿ ಸೀಳಿಕೊಂಡಿರುತ್ತಾರೆ. ತಬಲಾದವರು ಬೋಲುಗಳ ನಡುವಿನ ಖಾಲಿ ಜಾಗವನ್ನು ಚಿಕ್ಕ ಚಿಕ್ಕ ಪೆಟ್ಟುಗಳಿಂದ ತುಂಬುವುದೂ ಇದಕ್ಕಾಗಿಯೇ.

ಏಕತಾಲದ ಠೇಕಾದಲ್ಲಿ ಒಂದು ಮೋಸದ ತಿರುವೂ ಇದೆ: ಧಿಂ ಧಿಂ, ಧಾಗೆ ತಿರಕಿಟ, ತೂ ನಾ, ಕತ್ ತಾ, ಧಾಗೆ ತಿರಕಿಟ, ಧೀ ನಾ. 'ಧಾಗೆ ತಿರಕಿಟ' ಎರಡು ಸಲ ಬರುತ್ತದೆ, 3-4ನೇ ಮಾತ್ರೆಗಳಲ್ಲಿ ಒಮ್ಮೆ, 9-10ರಲ್ಲಿ ಇನ್ನೊಮ್ಮೆ. ತಿರಕಿಟ ಕೇಳಿದ ಕೂಡಲೇ ಸಮ ಬಂತೆಂದು ನೆಟ್ಟಗೆ ಕುಳಿತವರು ಎರಡರಲ್ಲೊಂದು ಸಲ ಏಮಾರುತ್ತಾರೆ. ನೋಡಬೇಕಾದ್ದು ತಿರಕಿಟದ ನಂತರದ ಮಾತ್ರೆಯನ್ನು. 'ತೂ' ಎಂದು ಮಂದ್ರವಿಲ್ಲದ ನಾದ ಬಂದರೆ ಇನ್ನೂ ಅರ್ಧಕ್ಕಿಂತ ಹೆಚ್ಚು ದಾರಿ ಬಾಕಿ. ಡಗ್ಗಾ ಕೂಡಿದ 'ಧೀ' ಬಂದರೆ ಸಮಕ್ಕೆ ಎರಡೇ ಮಾತ್ರೆ. ಮುಖಡಾ ಏಳುವುದೂ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲಿಯೇ.

ತಿಹಾಯಿಯ ವಿಷಯ ಹೇಳದೆ ಮುಂದೆ ಹೋಗಲಾಗದು, ಏಕೆಂದರೆ ಸಮದ ನಿರೀಕ್ಷೆಯನ್ನು ಇಷ್ಟು ಮೋಜಿನಿಂದ ಕಲಿಸುವ ಸಾಧನ ಇನ್ನೊಂದಿಲ್ಲ. ಒಂದೇ ತುಣುಕನ್ನು ಮೂರು ಸಲ ಬಾರಿಸಿ ಮೂರನೆಯದರ ಕೊನೆಯ ಪೆಟ್ಟನ್ನು ಸಮದ ಮೇಲೆ ಇಳಿಸುವುದು ತಿಹಾಯಿ. 'ತಿಟ ಕತ ಗದಿ ಗನ ಧಾ' ಎಂಬ ಐದು ಮಾತ್ರೆಯ ತುಣುಕನ್ನು ತೀನತಾಲದ ಸಮದಿಂದಲೇ ಆರಂಭಿಸಿ. ಮೊದಲ 'ಧಾ' 5ನೇ ಮಾತ್ರೆಗೆ ಬೀಳುತ್ತದೆ. ಒಂದು ಮಾತ್ರೆ ಸುಮ್ಮನಿದ್ದು ಮತ್ತೆ ಶುರುಮಾಡಿದರೆ ಎರಡನೆಯ 'ಧಾ' 11ಕ್ಕೆ. ಇನ್ನೊಂದು ಮಾತ್ರೆ ಬಿಟ್ಟು ಮೂರನೆಯದನ್ನು ಹೇಳಿದರೆ ಕೊನೆಯ 'ಧಾ' 17ಕ್ಕೆ, ಅಂದರೆ ಮುಂದಿನ ಆವರ್ತದ ಸಮಕ್ಕೆ ಸರಿಯಾಗಿ. ಅದೇ ಬೋಲುಗಳನ್ನು ಇಮ್ಮಡಿ ವೇಗದಲ್ಲಿ 'ತಿಟಕತ ಗದಿಗನ ಧಾ' ಎಂದು ಮೂರು ಮಾತ್ರೆಗೆ ಕೂಡಿಸಿಕೊಂಡರೆ, ಖಾಲಿಯಿಂದ ಹೊರಟು ನಡುವೆ ಬಿಡುವೇ ಇಲ್ಲದೆ ಮೂರು ಸಲ ಹೇಳಿ ಸಮ ಮುಟ್ಟಬಹುದು: 'ಧಾ'ಗಳು 11, 14, 17ರಲ್ಲಿ. ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಇದನ್ನು ಹೇಳಿ ನೋಡಿ. ಮೊದಲೆರಡು 'ಧಾ'ಗಳು ತಾಳದ ಕಟ್ಟಿಗೆ ಅಡ್ಡಡ್ಡ ಬಿದ್ದು ಕೈಯನ್ನು ಎಳೆಯುತ್ತವೆ. ಆ ಎಳೆತಕ್ಕೆ ಬಗ್ಗದೆ ಕೈ ನಡೆದರೆ ಆವರ್ತ ನಿಮ್ಮದಾಗಿದೆ.

ಮುಂಬೈಯಲ್ಲಿ ಯಕ್ಷಗಾನ ನೋಡಿ ಬೆಳೆದ ಕರಾವಳಿಯವರಿಗೆ ಇದು ಹೊಸದಾಗಿ ಕಾಣಲಾರದು. ಚೆಂಡೆ-ಮದ್ದಳೆಯ ಮುಕ್ತಾಯ ಶುರುವಾದ ಕೂಡಲೇ, ವೇಷಧಾರಿಯ ಹೆಜ್ಜೆ ಎಲ್ಲಿ ನಿಲ್ಲುತ್ತದೆಂದು ಸಭೆಯ ಹಿಂದಿನ ಸಾಲಿನ ಮಗುವಿಗೂ ಗೊತ್ತಿರುತ್ತದೆ. ಯಾರೂ ಅದಕ್ಕೆ ಪಾಠ ಹೇಳಿರುವುದಿಲ್ಲ.

ದಕ್ಷಿಣದ ಪದ್ಧತಿಯಲ್ಲಿ ಕಲಿತು ಪುಣೆಗೋ ಮುಂಬೈಗೋ ಬಂದವರಿಗೆ ಬೇರೊಂದು ಗೊಂದಲ. ಅವರಿಗೆ ತಾಳ ಕೈಯಲ್ಲಿಯೇ ಇದೆ. ಆದಿ ತಾಳವೆಂದರೆ ಒಂದು ಘಾತ, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಘಾತ-ವಿಸರ್ಜಿತ, ಅಂದರೆ ತಟ್ಟಿ ಅಂಗೈ ತಿರುಗಿಸುವುದು. ಒಟ್ಟು ಎಂಟು ಅಕ್ಷರ. ಕೈಯನ್ನು ನೋಡಿದರೆ ಸಾಕು, ಸಮ ಕಳೆಯುವ ಪ್ರಶ್ನೆಯೇ ಇಲ್ಲ. ಆದರೆ ಕೃತಿ ಸಮದಲ್ಲಿಯೇ ಎತ್ತಿಕೊಳ್ಳಬೇಕೆಂಬ ನಿಯಮ ಅಲ್ಲಿಲ್ಲ. ಸಮದಿಂದ ಅರ್ಧ ಅಕ್ಷರವೋ ಒಂದೂವರೆ ಅಕ್ಷರವೋ ಕಳೆದ ಮೇಲೆ ಆರಂಭವಾಗುವ, ಅನಾಗತ ಗ್ರಹದ ರಚನೆಗಳು ಬೇಕಾದಷ್ಟಿವೆ. ಸ್ವರಕಲ್ಪನೆಯ ಲೆಕ್ಕ, ಮೃದಂಗದವರ ಕೋರ್ವೆ, ಅಂದರೆ ಮುಕ್ತಾಯದ ಲೆಕ್ಕದ ನಡೆ, ಬಂದು ಸೇರುವುದು ಆ ಎತ್ತುಗಡೆಗೆ. ಹೀಗಾಗಿ ಕರ್ನಾಟಕ ಸಂಗೀತದ ಕೇಳುಗನಿಗೆ 'ಬಂದು ಸೇರುವ ಜಾಗ' ಒಂದಾದರೆ, ತಾಳದ ಮೊದಲ ಪೆಟ್ಟು ಇನ್ನೊಂದು. ಹಿಂದುಸ್ತಾನಿಯಲ್ಲಿ ಹೆಚ್ಚಿನ ಸಲ ಅವೆರಡೂ ಒಂದೇ. ಮುಂಬೈಯ ಮಾಟುಂಗದ ಕರ್ನಾಟಕ ಸಂಗೀತ ಕಚೇರಿಗಳಲ್ಲಿ ಕಿವಿ ಪಳಗಿದವರು ಸವಾಯಿಗೆ ಬಂದಾಗ ಹಾಡು ಎದ್ದ ಜಾಗವನ್ನೇ ನೆಲೆಯೆಂದು ಹಿಡಿದು, ಮುಖಡಾದ ಮೊದಲ ಅಕ್ಷರಕ್ಕೆ ತಲೆದೂಗುವುದನ್ನು ಕಾಣಬಹುದು. ಅವರ ತಾಳಜ್ಞಾನ ಚೆನ್ನಾಗಿಯೇ ಇದೆ. ಹಾಡಿನ ಗಮ್ಯ ಎಲ್ಲಿದೆಯೆಂಬ ಅಭ್ಯಾಸ ಮಾತ್ರ ಬೇರೆ.

ಗೋವಾದಿಂದ ಮುಂಬೈಗೆ ಬಂದು ಹಿಂದಿ ಚಿತ್ರಗಳ ವಾದ್ಯವೃಂದಗಳಲ್ಲಿ ನುಡಿಸಿದ ಸಂಗೀತಗಾರರು ಚರ್ಚಿನ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿ ಕಲಿತವರು. ಅಲ್ಲಿ ಮೊದಲ ಪೆಟ್ಟು ನಿರ್ದೇಶಕನ ಕೋಲು ಮೇಲಿನಿಂದ ಕೆಳಗಿಳಿಯುವ ಕ್ಷಣ. ಡೌನ್‌ಬೀಟ್ ಎಂಬ ಹೆಸರು ಬಂದದ್ದೂ ಆ ಚಲನೆಯಿಂದ. ಪಾಪ್, ರಾಕ್ ಹಾಡುಗಳಲ್ಲಿ ನಾಲ್ಕರ ಎಣಿಕೆಯ 2 ಮತ್ತು 4ರ ಮೇಲೆ ಸ್ನೇರ್ ಡ್ರಮ್ ಚಟೀರೆನ್ನುತ್ತದೆ, ಒಂದರ ಮೇಲೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಮಂದ್ರ ಬೀಳುತ್ತದೆ. ಜೋರಾದದ್ದನ್ನೇ ಒಂದೆಂದು ಹಿಡಿಯುವ ಹಳೆಯ ತಪ್ಪು ಅಲ್ಲಿಯೂ ಕಾದಿರುತ್ತದೆ.

ಇನ್ನು ಅಭ್ಯಾಸ. ಕುಳಿತು ಕೇಳುವುದರಿಂದ ಮಾತ್ರ ಇದು ಬರುವುದಿಲ್ಲವೆಂದು ನಂಬಲು ಕಾರಣವಿದೆ. 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಏಳು ತಿಂಗಳ ಕೂಸುಗಳಿಗೆ ಎರಡರ ನಡೆಯೋ ಮೂರರ ನಡೆಯೋ ಎಂದು ಹೇಳಲಾಗದ ತಾಳವೊಂದನ್ನು ಕೇಳಿಸಿ, ಕೆಲವನ್ನು ಪ್ರತಿ ಎರಡನೇ ಪೆಟ್ಟಿಗೆ, ಇನ್ನು ಕೆಲವನ್ನು ಪ್ರತಿ ಮೂರನೇ ಪೆಟ್ಟಿಗೆ ಎತ್ತಿ ಕುಣಿಸಿದರು. ಆಮೇಲೆ ಯಾವ ಕೂಸು ಯಾವ ನಡೆಗೆ ಕುಣಿದಿತ್ತೋ ಆ ನಡೆಯಲ್ಲಿ ಒತ್ತು ಕೊಟ್ಟ ತಾಳವನ್ನೇ ಹೆಚ್ಚು ಹೊತ್ತು ಕೇಳಿತು. ತಾವು ಕುಣಿಯದೆ, ಇನ್ನೊಬ್ಬರು ಕುಣಿಯುವುದನ್ನು ನೋಡಿದ ಕೂಸುಗಳಲ್ಲಿ ಹೀಗಾಗಲಿಲ್ಲ. ಆಷಾಢ ಏಕಾದಶಿಗೆ ಪಂಢರಪುರ ಸೇರಲು ಹೊರಟ ಪಾಲಖಿ ಪುಣೆಯನ್ನು ಹಾಯ್ದು ಹೋಗುವಾಗ ಕೈಯಲ್ಲಿ ತಾಳ ಹಿಡಿದು ಹೆಜ್ಜೆ ಹಾಕುವ ವಾರಕರಿ ಯಾತ್ರಿಕರನ್ನು ನೋಡಿ. ಭಜನಿ ತಾಳದ ಎಂಟು ಮಾತ್ರೆ ಅವರ ಪಾದಗಳಲ್ಲಿದೆ. ಹಾಗಾಗಿ ಮನೆಯಲ್ಲಿ ಅಭ್ಯಾಸ ಮಾಡುವವರು ಎದ್ದು ನಡೆಯಿರಿ. ಪ್ರತಿ ಮಾತ್ರೆಗೊಂದು ಹೆಜ್ಜೆ, ಸಮಕ್ಕೆ ಚಪ್ಪಾಳೆ, ಖಾಲಿಗೆ ಅಂಗೈ ಮೇಲೆ.

ಮೊಬೈಲಿನ ತಬಲಾ ಆ್ಯಪ್‌ಗಳ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ಹದಿನಾರೂ ಮಾತ್ರೆಯನ್ನು ಅವು ಕಿವಿಗೆ ತುರುಕುತ್ತವೆ, ಒಳಗೆ ಏನನ್ನೂ ಉಳಿಸಿಕೊಳ್ಳುವ ಕೆಲಸ ನಮಗಿರುವುದಿಲ್ಲ. ಅದಕ್ಕಿಂತ ಮೆಟ್ರೊನೋಮನ್ನು ನಾಲ್ಕು ಮಾತ್ರೆಗೊಮ್ಮೆ ಮಾತ್ರ ಸದ್ದು ಮಾಡುವಂತೆ ನಿಧಾನಗೊಳಿಸಿ, ಉಳಿದ ಮೂರನ್ನು ನೀವೇ ತುಂಬುವುದು ಮೇಲು. ಅದು ಸುಲಭವಾದ ಮೇಲೆ ಆವರ್ತಕ್ಕೊಂದೇ ಸದ್ದು. ಇನ್ನೂ ಕಠಿಣವಾದ ಪರೀಕ್ಷೆ ಬೇಕೆಂದರೆ, ಧ್ವನಿಮುದ್ರಿಕೆ ಓಡುತ್ತಿರುವಾಗಲೇ ಧ್ವನಿಯನ್ನು ಪೂರ್ತಿ ತಗ್ಗಿಸಿ, ಒಂದು ಆವರ್ತ ಒಳಗೇ ನಡೆದು, ಸಮಕ್ಕೆ ಧ್ವನಿ ಏರಿಸಿ. ಮೊದಮೊದಲು ಬಹುತೇಕರು ಸಮಕ್ಕಿಂತ ಮುಂಚೆಯೇ ಬಂದು ನಿಂತಿರುತ್ತಾರೆ, ಮೌನದಲ್ಲಿ ಲಯ ಓಡುವ ಕಾರಣಕ್ಕೆ. ತಬಲಾ ಸೋಲೋಗೆ ಹಾರ್ಮೋನಿಯಂ ಕೊಡುವ ಲೆಹರಾ, ಅಂದರೆ ಮತ್ತೆ ಮತ್ತೆ ನುಡಿಸುವ ಒಂದೇ ಸಾಲು, ಇದಕ್ಕೆ ಬಹಳ ಉಪಯುಕ್ತ: ಅಲ್ಲಿ ತಬಲಾ ಎಲ್ಲಿಗೆ ಬೇಕಾದರೂ ಹೋಗುತ್ತದೆ, ತಾಳ ತೋರಿಸುವ ಕೆಲಸ ರಾಗದ ಆ ಒಂದು ಸಾಲಿನದು.

ಸಭೆಯಲ್ಲಿ ದಾರಿ ತಪ್ಪುವುದು ಎಲ್ಲರಿಗೂ ಆಗುತ್ತದೆ, ಎಷ್ಟೋ ವರ್ಷ ಕೇಳಿದವರಿಗೂ. ಆಗ ಅಕ್ಕಪಕ್ಕದವರ ತಲೆಯನ್ನು ನೋಡಬೇಡಿ; ಅವರೂ ಪಕ್ಕದವರನ್ನು ನೋಡುತ್ತಿರಬಹುದು. ಗಾಯಕರನ್ನೂ ಬಿಡಿ, ಅವರು ಸಮವನ್ನು ಬೇಕೆಂದೇ ಮರೆಮಾಡುತ್ತಿರುತ್ತಾರೆ. ತಬಲಾದವರ ಎಡಗೈಯನ್ನು ನೋಡಿ. ತೀನತಾಲವಾದರೆ ಅಂಗೈ ಡಗ್ಗಾದ ಮೇಲೆ ಚಪ್ಪಟೆಯಾಗಿ ಕೂರುವವರೆಗೆ ಸುಮ್ಮನಿದ್ದು, ಬೆರಳುಗಳು ಮತ್ತೆ ಎದ್ದು ಮೊದಲ 'ಧಿಂ' ಬಂದಾಗ ಅಲ್ಲಿಂದ ಸೇರಿಕೊಳ್ಳಿ. ಏಕತಾಲವಾದರೆ ಎರಡನೆಯ ತಿರಕಿಟಕ್ಕೆ ಕಾಯಬೇಕು. ಅದು ಎರಡನೆಯದು ಹೌದೋ ಅಲ್ಲವೋ ಎಂಬುದನ್ನು ಅದರ ಮುಂದಿನ ಮಾತ್ರೆ ಹೇಳುತ್ತದೆ.